ಮುಂಜಾನೆ ಏಳರ ಬುತ್ತಿ, ಮಧ್ಯಾಹ್ನ ಒಂದರ ಹಸಿವು

ಶಾಲೆ ಮಕ್ಕಳ ಡಬ್ಬಿ ಕುರಿತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಆಹಾರ ತಜ್ಞರು ಮತ್ತು ಗೃಹವಿಜ್ಞಾನದ ಅಧ್ಯಾಪಕರು ಸೇರಿ ಇಲ್ಲಿ ಉತ್ತರಿಸಿದ್ದಾರೆ. ಒಂದು ಬಟ್ಟಲು ಎಂದರೆ 200 ಮಿ.ಲೀ.; ಅದರಲ್ಲಿ ಜೋಳದ ಹಿಟ್ಟು ಸುಮಾರು 100 ಗ್ರಾಂ ಹಿಡಿಯುತ್ತದೆ. ಚಮಚ ಎಂದಲ್ಲೆಲ್ಲ ಚಹಾ ಚಮಚವೇ. ಪ್ರತಿ ಉತ್ತರದ ಹಿಂದೆಯೂ ಇರುವುದು ಒಂದೇ ಲೆಕ್ಕ: ನೀವು ಕಟ್ಟುವಾಗ ಅಡುಗೆ ಹೇಗಿದೆ ಎಂಬುದಲ್ಲ, ಐದಾರು ತಾಸು ಕಳೆದು ಮಗು ಮುಚ್ಚಳ ತೆಗೆದಾಗ ಅದು ಹೇಗಿರುತ್ತದೆ ಎಂಬುದು.

ಮನ್ಯಾಗ ಮೂರು ಮಕ್ಕಳು ಅವ. ಸಣ್ಣಾಕಿಗೆ ನಾಲ್ಕು ವರ್ಷ, ಎಲ್‌ಕೆಜಿ. ನಡುವಿನವ ಮೂರನೇ ಕ್ಲಾಸು, ದೊಡ್ಡವ ಒಂಬತ್ತನೇ ಕ್ಲಾಸು. ಎಂಟರೊಳಗ ಮೂರೂ ಡಬ್ಬಿ ಆಗ್ಬೇಕು. ಮೂರು ತರಹದ ಅಡಗಿ ಮಾಡೋದು ಆಗಂಗಿಲ್ರೀ. ಒಂದೇ ಅಡಗ್ಯಾಗ ಹ್ಯಾಂಗ ಕಟ್ಟೋದು?
— ಕಲಬುರಗಿಯ ತಾಯಿಯೊಬ್ಬರು

ಮೂರು ಅಡುಗೆ ಬೇಕಿಲ್ಲ. ಒಂದೇ ಅಡುಗೆಯನ್ನು ವಯಸ್ಸಿಗೆ ತಕ್ಕ ಆಕಾರದಲ್ಲಿ, ತಕ್ಕ ಅಳತೆಯಲ್ಲಿ ಕಟ್ಟಿದರೆ ಸಾಕು. ಜೋಳದ ರೊಟ್ಟಿ, ಮೆಂತೆ ಹಾಕಿದ ಗಟ್ಟಿ ಬ್ಯಾಳಿ ಪಲ್ಯ, ಶೇಂಗಾ ಹಿಂಡಿ (ಚಟ್ನಿ ಪುಡಿ) ಮಾಡಿದ ದಿನವನ್ನೇ ತೆಗೆದುಕೊಳ್ಳೋಣ.

ಮೊದಲು ಬೇಕಾದ ಶಕ್ತಿಯ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಂದಾಜಿನಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1360 ಕಿಲೋ ಕ್ಯಾಲೊರಿ ಬೇಕು. 7ರಿಂದ 9ರ ಮಗುವಿಗೆ 1700. 13ರಿಂದ 15ರ ಹುಡುಗನಿಗೆ 2860, ಅದೇ ವಯಸ್ಸಿನ ಹುಡುಗಿಗೆ 2400. ಮಧ್ಯಾಹ್ನದ ಊಟ ಇದರ ಮೂರನೇ ಒಂದು ಪಾಲಾದರೂ ಇರಬೇಕು. ಅಂದರೆ ದೊಡ್ಡವನ ಡಬ್ಬಿ ನಡುವಿನವನ ಡಬ್ಬಿಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ದೊಡ್ಡದಿರಬೇಕು. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಒಂದೇ ಅಳತೆಯ ಡಬ್ಬಿ ತಂದಿರುತ್ತಾರೆ. ಸಣ್ಣದು ಉಳಿಸಿಕೊಂಡು ಬರುತ್ತದೆ, ದೊಡ್ಡದು ಹಸಿದು ಬಂದು ಸಂಜೆ ಬೇಕರಿ ಹುಡುಕುತ್ತದೆ.

ಪಲ್ಯಕ್ಕೆ ಮೂವರಿಗೂ ಸೇರಿ 90 ಗ್ರಾಂ, ಅಂದರೆ ಅರ್ಧ ಬಟ್ಟಲು ತೊಗರಿ ಬ್ಯಾಳಿ ಸಾಕು. ಬೇರೆಲ್ಲೂ ಹುಡುಕಬೇಕಿಲ್ಲ, ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದನ್ನು ಅರ್ಧ ತಾಸು ನೆನೆಸಿ, ಕುಕ್ಕರಿಗೆ ಹಾಕದೆ ತೆರೆದ ಪಾತ್ರೆಯಲ್ಲಿ ಬೇಯಿಸಿ. ಉಗುರಿನಿಂದ ಒತ್ತಿದರೆ ಮುರಿಯಬೇಕು, ಆದರೆ ಕರಗಬಾರದು. ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚಾದರೆ ಬ್ಯಾಳಿ ಕರಗಿ ಸಾರಾಗುತ್ತದೆ, ಸಾರು ಚೀಲದಲ್ಲಿ ಚೆಲ್ಲುತ್ತದೆ. ಒಗ್ಗರಣೆಗೆ ಬಳ್ಳೊಳ್ಳಿ, ಜೀರಿಗೆ, ಉಳ್ಳಾಗಡ್ಡಿ, ಆಮೇಲೆ ಹೆಚ್ಚಿದ ಒಂದು ಕಟ್ಟು ಮೆಂತೆ. ಸೊಪ್ಪಿನ ನೀರು ಆರಿದ ಮೇಲೆ ಬ್ಯಾಳಿ. ಖಾರ ಹಾಕುವ ಮುಂಚೆ ಸಣ್ಣಾಕಿಯ ಪಾಲು ತೆಗೆದಿಡಿ.

ನಾಲ್ಕು ವರ್ಷದವಳಿಗೆ ಮುಟಗಿ ಕಟ್ಟಿ. 30 ಗ್ರಾಂ ಹಿಟ್ಟಿನ ಒಂದು ದಪ್ಪ ರೊಟ್ಟಿ ಬಿಸಿಯಾಗಿದ್ದಾಗಲೇ ಚೂರು ಮಾಡಿ, ತೆಗೆದಿಟ್ಟ ಬ್ಯಾಳಿ ಎರಡು-ಮೂರು ಚಮಚ, ಜಜ್ಜಿದ ಒಂದೇ ಎಸಳು ಬಳ್ಳೊಳ್ಳಿ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು ಸೇರಿಸಿ ಅಂಗೈಯಲ್ಲಿ ಒತ್ತಿ ನಾಲ್ಕೈದು ಸಣ್ಣ ಉಂಡೆ ಮಾಡಿ. ಹರಿಯುವ ಕೆಲಸವಿಲ್ಲ, ಅದ್ದಿಕೊಳ್ಳುವ ಕೆಲಸವಿಲ್ಲ, ಒಂದು ಕೈಯಿಂದ ತಿನ್ನಬಹುದು. ಜೊತೆಗೆ ಅರ್ಧ ಬಾಳೆಹಣ್ಣು, ಸಿಪ್ಪೆ ಸಮೇತ. ಸುಲಿದಿಟ್ಟರೆ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಆ ವಯಸ್ಸಿನ ಮಗು ಮುಟ್ಟುವುದಿಲ್ಲ. ಇಷ್ಟು ಶಾಲೆಯ ಮಟ್ಟಿಗೆ ಸಾಕು. ಎಲ್‌ಕೆಜಿ ಮಕ್ಕಳು ಬೇಗ ಮನೆಗೆ ಬರುತ್ತಾರೆ, ಪೂರಾ ಊಟ ಮನೆಯಲ್ಲಿ ಆಗಲಿ.

ಮೂರನೇ ಕ್ಲಾಸಿನವನಿಗೆ 60 ಗ್ರಾಂ ಹಿಟ್ಟಿನ ಒಂದೂವರೆ ರೊಟ್ಟಿ, 30 ಗ್ರಾಂ ಬ್ಯಾಳಿಯಿಂದಾದ ಪಲ್ಯ (ಬೆಂದ ಮೇಲೆ ಅರ್ಧ ಬಟ್ಟಲಿನಷ್ಟು ಬರುತ್ತದೆ), ಎಣ್ಣೆ ಕಲಸಿದ ಹಿಂಡಿ ಎರಡು ಚಮಚ, ಒಂದು ಸಣ್ಣ ಪೇರಲ. ರೊಟ್ಟಿಯನ್ನು ಮೊದಲೇ ನಾಲ್ಕು ತುಂಡು ಮಾಡಿ ಇಡಿ. ದೊಡ್ಡವನಿಗೆ ಮೂರು ರೊಟ್ಟಿ, 45 ಗ್ರಾಂ ಬ್ಯಾಳಿಯ ಪಲ್ಯ, ಹಿಂಡಿ ನಾಲ್ಕು ಚಮಚ, ಬೇರೆ ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು, ಒಂದು ಗಜ್ಜರಿ ಇಲ್ಲವೇ ಸವತಿಕಾಯಿ. ಇದು 900 ಕಿಲೋ ಕ್ಯಾಲೊರಿಗೆ ಹತ್ತಿರ ಬರುತ್ತದೆ, ಸಸಾರಜನಕ 30 ಗ್ರಾಂ ದಾಟುತ್ತದೆ. ಆ ವಯಸ್ಸಿನ ಹುಡುಗನಿಗೆ ದಿನಕ್ಕೆ ಬೇಕಾದದ್ದು 45 ಗ್ರಾಂ.

ಬಿಸಿ ಇದ್ದಾಗ ರೊಟ್ಟಿ ಅರಳಿಯಂಗ ಇರ್ತದ. ಮಧ್ಯಾಹ್ನದೊಳಗ ಚರ್ಮದಂಗ ಆಗಿ, ಮಗ "ಹಲ್ಲು ನೋಯ್ತಾವ" ಅಂತ ವಾಪಸ್ ತರ್ತಾನ. ಚಪಾತಿಗೆ ಬದಲಿ ಮಾಡ್ಲೇನು?
— ಸೇಡಂನಿಂದ

ಬದಲಿ ಮಾಡುವ ಮುಂಚೆ ರೊಟ್ಟಿ ಯಾಕೆ ಬಿರುಸಾಗುತ್ತದೆ ಎಂದು ನೋಡಿ. ಗೋಧಿಯಲ್ಲಿರುವ ಜಿಗುಟಿನ ಅಂಶ ಜೋಳದಲ್ಲಿ ಇಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಬಿಸಿನೀರಿನಲ್ಲಿ ಬೆಂದ ಪಿಷ್ಟ ಮಾತ್ರ. ಅದು ಆರಿದ ಹಾಗೆ ಗಟ್ಟಿಯಾಗುತ್ತದೆ, ಮೇಲಿಂದ ಹಂಚಿನ ಮೇಲೆ ನೀರು ಹೆಚ್ಚು ಆವಿಯಾಗಿದ್ದರೆ ಇನ್ನೂ ಬೇಗ. ಆದ್ದರಿಂದ ಡಬ್ಬಿಯ ರೊಟ್ಟಿಯನ್ನು ಮನೆಯಲ್ಲಿ ಬಿಸಿಬಿಸಿ ತಿನ್ನುವ ರೊಟ್ಟಿಗಿಂತ ಸ್ವಲ್ಪ ಬೇರೆ ರೀತಿ ಮಾಡಬೇಕು.

ಹಿಟ್ಟಿನಿಂದ ಶುರು ಮಾಡಿ. ಹಿಂಗಾರಿಯ ಬಿಳಿ ಜೋಳ, ಅದರಲ್ಲೂ ಮಾಲದಂಡಿ ತಳಿ, ಮೆತ್ತಗಿನ ರೊಟ್ಟಿಗೆ ಹೇಳಿ ಮಾಡಿಸಿದ್ದು. ಗಿರಣಿಗೆ ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟನ್ನೇ ಕಳಿಸಿ. ತಿಂಗಳು ದಾಟಿದ ಹಿಟ್ಟಿಗೆ ಜಿಗಿ ಇರುವುದಿಲ್ಲ; ಬಡಿಯುವಾಗ ಅಂಚು ಬಿರಿಯುತ್ತದೆ, ಬಾಯಿಗೆ ಕಹಿ ಹತ್ತುತ್ತದೆ.

ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರು ಎಸರಿಡಿ. ನೀರು ಕುದಿ ಬಂದು ಗುಳ್ಳೆ ಎದ್ದ ಮೇಲೆಯೇ ಹಿಟ್ಟಿಗೆ ಹೊಯ್ಯಿರಿ, ಬರೀ ಬೆಚ್ಚಗಿನ ನೀರು ಸಾಲದು. ಸೌಟಿನಿಂದ ತಿರುವಿ, ಮುಚ್ಚಿ ಐದು ನಿಮಿಷ ಬಿಡಿ. ಆ ಐದು ನಿಮಿಷದಲ್ಲಿ ಪಿಷ್ಟ ಬೇಯುತ್ತದೆ. ಇಲ್ಲಿ ಅವಸರ ಮಾಡಿದ ರೊಟ್ಟಿಯೇ ಮಧ್ಯಾಹ್ನ ಬಿರುಸಾಗುವುದು. ನಂತರ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತ ಅಂಗೈ ಬುಡದಿಂದ ನಾಲ್ಕೈದು ನಿಮಿಷ ನಾದಿ. ಒಂದು ಸಣ್ಣ ಉಂಡೆ ಮಾಡಿ ಬೆರಳಿನಿಂದ ಒತ್ತಿ ನೋಡಿ: ಅಂಚು ಸೀಳದೆ ಅಗಲವಾದರೆ ಹಿಟ್ಟು ಹದಕ್ಕೆ ಬಂದಿದೆ.

ಡಬ್ಬಿಗೆ ರೊಟ್ಟಿ ತೀರ ತೆಳ್ಳಗೆ ಬಡಿಯಬೇಡಿ, ತೆಳುವಾದದ್ದು ಬೇಗ ಆರುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ. ಆ ನೀರು ಪೂರ್ತಿ ಒಣಗುವ ಮುಂಚೆ, ಮೇಲ್ಮೈ ಇನ್ನೂ ತುಸು ಹಸಿ ಇರುವಾಗಲೇ ತಿರುವಿ ಹಾಕಿ. ಉಬ್ಬಿದ ತಕ್ಷಣ ಇಳಿಸಿ. ಕಪ್ಪು ಚುಕ್ಕೆ ಬರಲಿ ಎಂದು ಬಿಟ್ಟರೆ ಅಷ್ಟು ತೇವ ಹೋಯಿತು. ಬಿಸಿ ಇರುವಾಗಲೇ ಮೊದಲು ಅರ್ಧ, ಆಮೇಲೆ ಕಾಲು ಮಡಿಚಿ. ಆರಿದ ಮೇಲೆ ಮಡಿಚಿದರೆ ಮಡಿಕೆಯಲ್ಲಿ ಮುರಿಯುತ್ತದೆ.

ಕಟ್ಟುವುದರಲ್ಲಿ ಎರಡು ತಪ್ಪು ಆಗುತ್ತವೆ. ಹೊಗೆಯಾಡುವ ರೊಟ್ಟಿ ಹಾಕಿ ಮುಚ್ಚಳ ಒತ್ತಿದರೆ ಆವಿ ನೀರಾಗಿ ಕೆಳಗಿನ ರೊಟ್ಟಿ ಅಂಟಾಗುತ್ತದೆ. ಫ್ಯಾನಿನ ಕೆಳಗೆ ಆರಿಸಿದರೆ ಹಪ್ಪಳವಾಗುತ್ತದೆ. ರೊಟ್ಟಿಗಳನ್ನು ಒಂದರ ಮೇಲೊಂದಿಟ್ಟು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಮೂರು-ನಾಲ್ಕು ನಿಮಿಷ ಬಿಡಿ, ಕಣ್ಣಿಗೆ ಕಾಣುವ ಆವಿ ನಿಂತ ಮೇಲೆ ಬಟ್ಟೆ ಸಮೇತ ಡಬ್ಬಿಗಿಟ್ಟು ಮುಚ್ಚಿ. ಬಟ್ಟೆ ಹೆಚ್ಚಿನ ನೀರನ್ನು ಹೀರಿಕೊಂಡು, ರೊಟ್ಟಿಗೆ ಬೇಕಾದಷ್ಟು ತೇವವನ್ನು ಒಳಗೇ ಉಳಿಸುತ್ತದೆ.

ಸುದ್ದಿ ಪತ್ರಿಕೆಯಲ್ಲಿ ರೊಟ್ಟಿ ಸುತ್ತುವುದನ್ನು ದಯವಿಟ್ಟು ಬಿಡಿ. ಮುದ್ರಣದ ಶಾಯಿಯಲ್ಲಿ ಸೀಸದಂಥ ವಿಷಕಾರಿ ಲೋಹ ಇರಬಹುದು, ಬಿಸಿ ಮತ್ತು ಎಣ್ಣೆ ತಾಗಿದರೆ ಅದು ಆಹಾರಕ್ಕೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಇದರ ಬಗ್ಗೆ 2016ರಲ್ಲೂ 2023ರಲ್ಲೂ ಎಚ್ಚರಿಸಿದೆ.

ಇಷ್ಟೆಲ್ಲ ಮಾಡಿದ ಮೇಲೂ ಬಿರುಸಾದರೆ ನಾಲ್ಕು ಪಾಲಿಗೆ ಒಂದು ಪಾಲು ಗೋಧಿ ಹಿಟ್ಟು ಸೇರಿಸಿ, ಇಲ್ಲವೇ ದಪಾಟಿ ಮಾಡಿ. ದಪಾಟಿಗೆ ಎರಡು ಬಟ್ಟಲು ಜೋಳದ ಹಿಟ್ಟು, ಒಂದು ಬಟ್ಟಲು ಕಡಲಿ ಹಿಟ್ಟು, ಅರ್ಧ ಬಟ್ಟಲು ಗೋಧಿ ಹಿಟ್ಟು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಒಂದು ಚಮಚ ಎಳ್ಳು, ಎರಡು ಚಮಚ ಮೊಸರು. ಉಳ್ಳಾಗಡ್ಡಿ ನೀರು ಬಿಡುವುದರಿಂದ ಕಲಸುವ ನೀರನ್ನು ಕೊನೆಗೆ ನೋಡಿಕೊಂಡು ಹಾಕಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಎಣ್ಣೆ ಬಿಟ್ಟು ಬೇಯಿಸಿದ ದಪಾಟಿ ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಎಣ್ಣೆ, ಮೊಸರು, ಉಳ್ಳಾಗಡ್ಡಿ ಮೂರೂ ತೇವ ಹಿಡಿದಿಡುತ್ತವೆ.

ಒಂದನೇ ತರಗತಿಯ ಮಗಳು ದಿನವೂ ಅರ್ಧಕ್ಕಿಂತ ಹೆಚ್ಚು ಉಳಿಸಿಕೊಂಡು ಬರುತ್ತಾಳೆ. ಮನೆಯಲ್ಲಿ ಅದೇ ಊಟವನ್ನು ಚೆನ್ನಾಗಿ ಮಾಡುತ್ತಾಳೆ.
— ಬೀದರ್‌ನಿಂದ

ಮನೆಯಲ್ಲಿ ತಿನ್ನುತ್ತಾಳೆ ಎಂದರೆ ರುಚಿಯ ತೊಂದರೆ ಅಲ್ಲ, ಹೊತ್ತಿನದೋ ಕೈಯದೋ ಇರಬೇಕು. ಇವತ್ತು ಸಂಜೆ ಡಬ್ಬಿಯನ್ನು ಅವಳ ಕೈಗೆ ಕೊಟ್ಟು ತೆಗೆಯಲು ಹೇಳಿ. ನಾಲ್ಕು ಕಡೆ ಕ್ಲಿಪ್ ಇರುವ ಬಿಗಿ ಡಬ್ಬಿಗಳನ್ನು ಆರು ವರ್ಷದ ಬೆರಳು ತೆಗೆಯಲಾರದು, ಟೀಚರನ್ನು ಕೇಳಲು ನಾಚಿಕೆ. ಆಮೇಲೆ ಅದೇ ಡಬ್ಬಿಯ ಊಟವನ್ನು ನೆಲದ ಮೇಲೆ ಕೂರಿಸಿ ತಿನ್ನಿಸಿ, ಗಡಿಯಾರ ನೋಡಿ. ಹದಿನೈದು ನಿಮಿಷದಲ್ಲಿ ಮುಗಿಯದ್ದು ಶಾಲೆಯಲ್ಲೂ ಮುಗಿಯುವುದಿಲ್ಲ. ಕೈ ತೊಳೆದು, ಕೂತು, ಗೆಳತಿಯರ ಜೊತೆ ಮಾತಾಡಿ ಉಳಿಯುವ ಹೊತ್ತು ಅಷ್ಟೇ. ಹರಿದು ಅದ್ದಿ ತಿನ್ನುವುದರ ಬದಲು ಸುರುಳಿ ಸುತ್ತಿದ್ದು, ಉಂಡೆ ಕಟ್ಟಿದ್ದು, ವಡಿ ಕತ್ತರಿಸಿದ್ದು ಕಳಿಸಿ. ಅಳತೆಯನ್ನೂ ಒಂದು ವಾರ ಅರ್ಧಕ್ಕಿಳಿಸಿ. ಖಾಲಿ ಡಬ್ಬಿ ತರುವ ರೂಢಿ ಬಿದ್ದ ಮೇಲೆ ಮೆಲ್ಲಗೆ ಹೆಚ್ಚಿಸಿ. ಉಳಿಸಿದ್ದಕ್ಕೆ ಬೈಯುವುದು ಬೇಡ. ಬೈದರೆ ಮಕ್ಕಳು ಉಳಿದದ್ದನ್ನು ಶಾಲೆಯಲ್ಲೇ ಚೆಲ್ಲಿ ಬರುತ್ತಾರೆ, ಎಷ್ಟು ತಿಂದಳು ಎಂಬುದೂ ನಿಮಗೆ ತಿಳಿಯದೆ ಹೋಗುತ್ತದೆ.

ಮೊಸರನ್ನ ಕಟ್ಟಿದ್ರ ಹುಳಿ ಹೊಡೀತದ, ಚಿತ್ರಾನ್ನ ಕಟ್ಟಿದ್ರ ಒಮ್ಮೊಮ್ಮೆ ನಾರತದ. ಬಿಸಲಾಗ ಅನ್ನ ಕಳಿಸಬಹುದೋ ಇಲ್ಲೋ? ರಾತ್ರಿ ಉಳಿದ ಅನ್ನಕ್ಕ ಒಗ್ಗರಣಿ ಹಾಕಿ ಕಳಸ್ತೀವಿ, ಅದ್ರಾಗ ಏನಾದ್ರೂ ತಪ್ಪು ಅದ ಏನು?
— ಯಾದಗಿರಿಯಿಂದ

ರಾತ್ರಿಯೆಲ್ಲ ಹೊರಗಿಟ್ಟ ಅನ್ನವನ್ನು ಡಬ್ಬಿಗೆ ಕಟ್ಟಬೇಡಿ. ಇದರಲ್ಲಿ ಸಡಿಲಿಕೆ ಇಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಇರುತ್ತವೆ, ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಕೂತಾಗ ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮುಂಜಾನೆಯ ಒಗ್ಗರಣೆಗೆ ಹೋಗುವಂಥದ್ದಲ್ಲ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ತಿಂದ ಅರ್ಧ ತಾಸಿನಿಂದ ಆರು ತಾಸಿನೊಳಗೆ ವಾಂತಿ ಶುರುವಾಗುತ್ತದೆ. ಮಾರ್ಚಿನ ಕೊನೆಗೆ ನಿಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ಇದು ಸಣ್ಣ ಮಾತಲ್ಲ.

ಮುಂಜಾನೆ ಹೊಸದಾಗಿ ಮಾಡಿದ ಅನ್ನವನ್ನು ಕಳಿಸಬಹುದು. ಮಾಡಿದ ಕೂಡಲೇ ಅಗಲ ಪರಾತದಲ್ಲಿ ಹರವಿ ಹತ್ತು-ಹದಿನೈದು ನಿಮಿಷ ಆರಿಸಿ, ಆಮೇಲೆ ನಿಂಬೆ ಒಗ್ಗರಣೆ ಕಲಸಿ. ಕಲಸುವ ಕೈ, ಚಮಚ, ಡಬ್ಬಿ ಎಲ್ಲ ಒಣಗಿರಲಿ. ಹಸಿ ಕೊಬ್ಬರಿ ತುರಿ ಬಿಸಿಲುಗಾಲದಲ್ಲಿ ಬೇಡ, ಅನ್ನಕ್ಕಿಂತ ಮೊದಲು ಕೆಡುವುದು ಅದೇ. ಬದಲಿಗೆ ಹುರಿದ ಶೇಂಗಾ ಇಲ್ಲವೇ ಗುರೆಳ್ಳು ಪುಡಿ ಹಾಕಿ.

ಮೊಸರನ್ನ ಹುಳಿಯಾಗುವುದು ನೀವು ಮೊಸರು ಹೆಚ್ಚು ಹಾಕುವುದರಿಂದ. ಡಬ್ಬಿಗೆ ಹಾಲನ್ನ ಕಟ್ಟಿ, ಅದು ಶಾಲೆಯಲ್ಲೇ ಮೊಸರನ್ನ ಆಗಲಿ. ಒಂದು ಬಟ್ಟಲು ಬಿಸಿ ಅನ್ನವನ್ನು ಚೆನ್ನಾಗಿ ಹಿಸುಕಿ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲು ಮುಕ್ಕಾಲು ಬಟ್ಟಲು ಹಾಕಿ. ಅನ್ನ ಹಾಲನ್ನು ಕುಡಿಯುತ್ತದೆ, ಸಡಿಲ ಅನ್ನಿಸಿದರೂ ಮಧ್ಯಾಹ್ನಕ್ಕೆ ಸರಿ ಹೋಗುತ್ತದೆ. ಚಳಿಗಾಲದಲ್ಲಿ ಒಂದು ಚಮಚ ಹುಳಿಯಿಲ್ಲದ ಮೊಸರು, ಫೆಬ್ರುವರಿ ದಾಟಿದ ಮೇಲೆ ಅರ್ಧ ಚಮಚ. ಹಾಲು ಬಿಸಿ ಇದ್ದರೆ ಹೆಪ್ಪು ಕೂಡುವುದಿಲ್ಲ, ಬರೀ ಒಡೆಯುತ್ತದೆ. ಹಸಿ ಉಳ್ಳಾಗಡ್ಡಿ ಹಾಕಬೇಡಿ, ಮುಚ್ಚಿದ ಡಬ್ಬಿಯಲ್ಲಿ ಅದರ ವಾಸನೆ ಎಲ್ಲವನ್ನೂ ಕೆಡಿಸುತ್ತದೆ. ದಾಳಿಂಬೆ ಕಾಳು, ತುರಿದ ಗಜ್ಜರಿ ಹಾಕಬಹುದು.

ಬಿಸಿ ಕಾಯುವ ಡಬ್ಬಿ ಬಳಸುವವರು ಒಂದು ಮಾತು ನೆನಪಿಡಿ. ಅದು ಊಟವನ್ನು ಬಿಸಿ ಮಾಡುವುದಿಲ್ಲ, ಹಾಕಿದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಅರೆಬಿಸಿ ಅನ್ನ ಹಾಕಿದರೆ ಸೂಕ್ಷ್ಮಾಣು ಬೆಳೆಯಲು ಬೇಕಾದ ಬೆಚ್ಚನೆಯನ್ನೇ ಐದು ತಾಸು ಕಾಯುತ್ತದೆ, ಮಾಮೂಲಿ ಸ್ಟೀಲ್ ಡಬ್ಬಿಗಿಂತಲೂ ಕೆಟ್ಟದ್ದು. ಅದರಲ್ಲಿ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಹೊಗೆಯಾಡುವ ಅಡುಗೆಯನ್ನು ಕಂಠದವರೆಗೆ ತುಂಬಿ ಕೂಡಲೇ ಮುಚ್ಚಿ. ಬ್ಯಾಳಿ ಅನ್ನ, ಖಿಚಡಿಗೆ ಇದು ಒಳ್ಳೆಯದು. ಮೊಸರನ್ನಕ್ಕೆ ಬೇಡವೇ ಬೇಡ.

ಪಲ್ಯದ ಎಣ್ಣೆ ಸೋರಿ ಪುಸ್ತಕ ಹಾಳಾಗುತ್ತಿವೆ. ಚೆಲ್ಲದ, ಒಣಗಿದ, ಆದರೂ ಶಕ್ತಿ ಇರುವ ಪಲ್ಯ ಯಾವುದು?
— ಬಸವಕಲ್ಯಾಣದಿಂದ

ಝುಣಕದ ವಡಿ. ನೂರು ಗ್ರಾಂ ಕಡಲಿ ಹಿಟ್ಟಿನಲ್ಲಿ 20 ಗ್ರಾಂಗೂ ಮೇಲೆ ಸಸಾರಜನಕ ಇದೆ. ಒಂದು ಬಟ್ಟಲು ಕಡಲಿ ಹಿಟ್ಟಿಗೆ ಒಂದೂವರೆ ಬಟ್ಟಲು ನೀರು, ಗಂಟಿಲ್ಲದ ಹಾಗೆ ಕದಡಿ. ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಅರಿಷಿಣ, ಉಪ್ಪು, ಖಾರ. ಉರಿ ಸಣ್ಣ ಮಾಡಿ ಕದಡಿದ ಹಿಟ್ಟು ಹೊಯ್ದು ಕೈ ಬಿಡದೆ ತಿರುವಿ. ಆರೆಂಟು ನಿಮಿಷಕ್ಕೆ ಮುದ್ದೆಯಾಗಿ ಬಾಣಲೆಯ ಅಂಚು ಬಿಡುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಮುಚ್ಚಿ ಇನ್ನೂ ಮೂರು ನಿಮಿಷ ಆವಿಯಲ್ಲಿ ಬೇಯಲಿ. ಹಸಿ ಉಳಿದ ಕಡಲಿ ಹಿಟ್ಟಿನಿಂದಲೇ ಮಕ್ಕಳಿಗೆ ಹೊಟ್ಟೆ ಉಬ್ಬರಿಸುವುದು. ಒದ್ದೆ ಬೆರಳಿಂದ ಮುಟ್ಟಿದರೆ ಅಂಟದಿದ್ದರೆ ಆಯಿತು. ಎಣ್ಣೆ ಸವರಿದ ತಾಟಿಗೆ ಸುರಿದು ಅರ್ಧ ಅಂಗುಲ ದಪ್ಪಕ್ಕೆ ತಟ್ಟಿ, ಹದಿನೈದು ನಿಮಿಷ ಆರಿಸಿ ಕತ್ತರಿಸಿ. ಪುಡಿಯಾದರೆ ನೀರು ಕಡಿಮೆ ಆಗಿದೆ, ಕತ್ತಿಗೆ ಮೆತ್ತಿದರೆ ಇನ್ನೂ ಬೇಯಬೇಕು. ಎಂಟು ವರ್ಷದ ಮಗುವಿಗೆ ನಾಲ್ಕು ವಡಿ, ದೊಡ್ಡವರಿಗೆ ಏಳೆಂಟು.

ಪುಂಡಿ ಪಲ್ಯ, ನಿಂಬೆ ಹಾಕಿದ್ದು, ಹುಣಸೆ ಹಾಕಿದ್ದನ್ನು ಸ್ಟೀಲ್ ಡಬ್ಬಿಗೆ ಮಾತ್ರ ಹಾಕಿ. ಅಲ್ಯೂಮಿನಿಯಂ ಡಬ್ಬಿ, ಬೆಳ್ಳಿ ಬಣ್ಣದ ಹಾಳೆ ಹುಳಿಗೆ ಕರಗುತ್ತವೆ.

ಮೂರೂವರೆ ವರ್ಷದ ಮಗನಿಗೆ ಹುರಿದ ಶೇಂಗಾ, ಪುಠಾಣಿ ಡಬ್ಬಿಗೆ ಹಾಕಬಹುದೇ?
— ಹುಮನಾಬಾದ್‌ನಿಂದ

ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಠಾಣಿ, ಇಡೀ ದ್ರಾಕ್ಷಿ, ಬೀಜ ಇರುವ ಬಾರಿಹಣ್ಣು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ ಇದೆ, ಅದರಲ್ಲೂ ಓಡಾಡುತ್ತ ನಗುತ್ತ ತಿನ್ನುವ ಶಾಲೆಯಲ್ಲಿ. ಶೇಂಗಾವನ್ನು ಪುಡಿ ಮಾಡಿ ಬೆಲ್ಲ ಸೇರಿಸಿ ಮೆತ್ತನೆಯ ಉಂಡಿ ಕಟ್ಟಿ ಕೊಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಹಸಿ ಗಜ್ಜರಿಯ ಬದಲು ಬೇಯಿಸಿದ್ದು ಹಾಕಿ. ಮಗು ಶೇಂಗಾ, ಎಳ್ಳು, ತತ್ತಿ ಮೊದಲ ಸಲ ತಿನ್ನುವುದು ಮನೆಯಲ್ಲೇ, ನಿಮ್ಮ ಕಣ್ಣೆದುರೇ ಆಗಲಿ. ತುಟಿ ಬಾವು, ಮೈಮೇಲೆ ದದ್ದು, ಉಸಿರಿನ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮಗಳಿಗೆ ಹದಿಮೂರು. ಸುಸ್ತು, ತಲೆನೋವು ಅಂತಾಳ. ರಕ್ತ ಕಡಿಮಿ ಅದ, ಹಿಮೋಗ್ಲೋಬಿನ್ 10 ಅದ ಅಂದ್ರು. ಡಬ್ಬ್ಯಾಗ ದಿನಾ ಬೆಲ್ಲ ಶೇಂಗಾ ಹಾಕ್ತೀನಿ. ಆಕಿಗಿ ನೂಡಲ್ಸೇ ಬೇಕಂತ. ಏನ್ ಮಾಡ್ಲಿ?
— ಶಹಾಪುರದಿಂದ

ಆ ವಯಸ್ಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 10 ಇದ್ದಾಗ ಊಟವೊಂದರಿಂದಲೇ ಸರಿಹೋಗುವುದಿಲ್ಲ, ವೈದ್ಯರು ಹೇಳಿದಷ್ಟು ದಿನ ಗುಳಿಗೆ ತೆಗೆದುಕೊಳ್ಳಲೇಬೇಕು. ಮಲ ಕಪ್ಪಾಗುತ್ತದೆ ಎಂದು ಹೆದರಿ ಎಷ್ಟೋ ಹುಡುಗಿಯರು ಗುಳಿಗೆ ಬಿಡುತ್ತಾರೆ. ಅದು ಕಬ್ಬಿಣದ ಬಣ್ಣ, ಹೆದರಬೇಕಿಲ್ಲ. ಹಾಲು, ಚಹಾದ ಜೊತೆ ನುಂಗಬಾರದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ತಡೆಗಟ್ಟುವ ಅಳತೆಯದು, ಈಗಾಗಲೇ ಕಡಿಮೆ ಇರುವವರಿಗೆ ಸಾಲದು. ಎರಡನ್ನೂ ಹೇಗೆ ಹೊಂದಿಸಬೇಕು ಎಂದು ವೈದ್ಯರನ್ನು ಕೇಳಿ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಕೊಡುವ ಜಂತುಹುಳದ ಗುಳಿಗೆ ತಪ್ಪಿಸಬೇಡಿ. ಕೊಕ್ಕೆಹುಳ ಹೊಟ್ಟೆಯಲ್ಲಿದ್ದರೆ ತಿಂದದ್ದರಿಂದ ಆದ ರಕ್ತವನ್ನು ಅದು ಹೀರುತ್ತದೆ.

ಈಗ ಡಬ್ಬಿ. 13ರಿಂದ 15ರ ಹುಡುಗಿಗೆ ದಿನಕ್ಕೆ 30 ಮಿ.ಗ್ರಾಂ ಕಬ್ಬಿಣ ಬೇಕು, ಅದೇ ವಯಸ್ಸಿನ ಹುಡುಗನಿಗೆ 22. ಊಟದ ಅಳತೆ ಅವಳದು ಕಡಿಮೆ, ಕಬ್ಬಿಣ ಹೆಚ್ಚು. ಆದ್ದರಿಂದ ಅವಳ ಡಬ್ಬಿಯ ಒಂದೊಂದು ಪದಾರ್ಥವನ್ನೂ ಆರಿಸಿ ಹಾಕಬೇಕು. ಬೆಲ್ಲದ ಮೇಲೆ ಭರವಸೆ ಇಡಬೇಡಿ, ತಿನ್ನುವ ಒಂದೆರಡು ಚೂರಿನಲ್ಲಿ ಸಿಗುವ ಕಬ್ಬಿಣ ಅತ್ಯಲ್ಪ. ವಾರದಲ್ಲಿ ಎರಡು-ಮೂರು ದಿನ ಸಜ್ಜೆ ರೊಟ್ಟಿ ಮಾಡಿ: ನೂರು ಗ್ರಾಂ ಸಜ್ಜೆಯಲ್ಲಿ 6 ಮಿ.ಗ್ರಾಂಗೂ ಮೇಲೆ ಕಬ್ಬಿಣ ಇದೆ, ಜೋಳದಲ್ಲಿ 4ರ ಹತ್ತಿರ. ಮೇಲೆ ಎಳ್ಳು ಒತ್ತಿ. ಪಲ್ಯಕ್ಕೆ ಮೊಳಕೆ ಬಂದ ಮಡಕಿಕಾಳು: ಎಂಟು ತಾಸು ನೆನೆಸಿ, ಹತ್ತು-ಹನ್ನೆರಡು ತಾಸು ಬಟ್ಟೆಯಲ್ಲಿ ಕಟ್ಟಿ, ಬಿಸಿಲಲ್ಲಿ ಇನ್ನೂ ಬೇಗ ಬರುತ್ತದೆ, ಲೋಳೆ ಕಂಡರೆ ಚೆಲ್ಲಿ. ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರಗೊಡದ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಗುರೆಳ್ಳು ಹಿಂಡಿ ಎರಡು ಚಮಚ. ತತ್ತಿ ತಿನ್ನುವವರಾದರೆ ಬೇಯಿಸಿದ ತತ್ತಿ ಒಂದು, ಸಿಪ್ಪೆ ಸಮೇತ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಹುಳಿ. ಸಿ ಜೀವಸತ್ವ ಜೊತೆಗಿದ್ದರೆ ಕಾಳು-ಸೊಪ್ಪಿನ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಕಾಲು ನಿಂಬೆಹಣ್ಣನ್ನು ಹಾಗೇ ಡಬ್ಬಿಯ ಮೂಲೆಯಲ್ಲಿಡಿ, ತಿನ್ನುವಾಗ ಪಲ್ಯದ ಮೇಲೆ ಹಿಂಡಿಕೊಳ್ಳಲಿ. ಬಿಸಿಯಲ್ಲಿ ಹಿಂಡಿ ಕಳಿಸಿದರೆ ಸತ್ವ ಕಡಿಮೆಯಾಗುತ್ತದೆ. ಪೇರಲ ಸಿಗುವ ಕಾಲದಲ್ಲಿ ದಿನಕ್ಕೊಂದು. ಊಟಕ್ಕೆ ಮುಂಚೆ ಹಾಗೂ ಆದಮೇಲೆ ಒಂದು ತಾಸು ಚಹಾ ಬೇಡ. ನಮ್ಮ ಕಡೆ ಮುಂಜಾನೆ ಚಹಾಕ್ಕೆ ಬಿಸ್ಕತ್ತು ಅದ್ದಿ ಅದನ್ನೇ ನಾಷ್ಟಾ ಅನ್ನುವ ರೂಢಿ ಹುಡುಗಿಯರಲ್ಲಿ ಹೆಚ್ಚು, ಅದು ಮೊದಲು ನಿಲ್ಲಬೇಕು.

ನೂಡಲ್ಸ್ ಆಸೆಯನ್ನು ಪೂರ್ತಿ ತಳ್ಳಿಹಾಕಬೇಡಿ, ಗೆಳತಿಯರ ನಡುವೆ ಡಬ್ಬಿ ತೆಗೆಯುವ ವಯಸ್ಸು ಅದು. ವಾರಕ್ಕೊಂದು ದಿನ ಗೋಧಿ ಶಾವಿಗೆಯನ್ನು ಹುರಿದು, ಅದರಷ್ಟೇ ಅಳತೆಯ ಗಜ್ಜರಿ, ಬೀನ್ಸ್, ಬಟಾಣಿ ಹಾಕಿ, ಒಂದು ತತ್ತಿ ಒಡೆದು ಹುರಿದು ಸೇರಿಸಿ. ಏನು ಬೇಕು ಎಂಬುದನ್ನು ಆ ಒಂದು ದಿನ ಅವಳೇ ಹೇಳಲಿ.

ಮಗ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾನೆ. ಅದರ ಮೇಲೆ ಡಬ್ಬಿಯೂ ಬೇಕೇ?
— ಗುರುಮಠಕಲ್‌ನಿಂದ

ಊಟದ ಡಬ್ಬಿ ಬೇಡ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದದ್ದೇ ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ. ಐದನೇ ತರಗತಿವರೆಗೆ ಒಬ್ಬರಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, ಆರರಿಂದ ಎಂಟಕ್ಕೆ 150 ಮತ್ತು 30 ಎಂಬ ಅಳತೆ ಅದರಲ್ಲಿದೆ. ತತ್ತಿ ಕೊಡುವುದೂ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದಲೇ ಆರಂಭವಾಯಿತು. ಮನೆಯಲ್ಲಿ ಡಬ್ಬಿ ಕಟ್ಟುವವರೂ ಇದೇ ಅಳತೆಯನ್ನು ತಳಪಾಯವಾಗಿ ಇಟ್ಟುಕೊಳ್ಳಬಹುದು. ನೀವು ನೋಡಬೇಕಾದದ್ದು ಮುಂಜಾನೆಯ ಊಟ: ಹಸಿದ ಹೊಟ್ಟೆಯಲ್ಲಿ ಹೋಗದಿರಲಿ. ಶನಿವಾರ ಮುಂಜಾನೆ ಶಾಲೆಗೆ ಬೇಗ ಹೋಗುವಾಗ ಒಂದು ಶೇಂಗಾ ಉಂಡಿ, ಬಾಳೆಹಣ್ಣು ಚೀಲದಲ್ಲಿರಲಿ.

ಪಿಯುಸಿ ಓದುವ ಮಗ ಮುಂಜಾನೆ ಏಳಕ್ಕೆ ಹೋಗಿ, ಟ್ಯೂಷನ್ ಮುಗಿಸಿ ಸಂಜೆ ಆರಕ್ಕೆ ಬರುತ್ತಾನೆ. ಒಂದು ಡಬ್ಬಿ ಸಾಲುವುದಿಲ್ಲ, ಎರಡನೆಯದು ಕೆಡುತ್ತದೆ.
— ಆಳಂದದಿಂದ

ಮೊದಲ ಡಬ್ಬಿ ಮಧ್ಯಾಹ್ನದ ರೊಟ್ಟಿ-ಪಲ್ಯದ್ದಾಗಲಿ. ಎರಡನೆಯದರಲ್ಲಿ ನೀರಿನ ಅಂಶ ಇರುವ ಯಾವುದನ್ನೂ ಹಾಕಬೇಡಿ, ಹತ್ತು ತಾಸಿಗೆ ನಿಲ್ಲುವುದು ಒಣಗಿದ್ದು ಮಾತ್ರ. ಎರಡು ಖಡಕ್ ರೊಟ್ಟಿ ಮುರಿದು ಗಾಳಿಯಾಡದ ಡಬ್ಬಿಗಿಡಿ. ಸಣ್ಣ ಬಾಟಲಿಯಲ್ಲಿ ಮೂರು ದೊಡ್ಡ ಚಮಚ ಶೇಂಗಾ ಇಲ್ಲವೇ ಅಗಸಿ ಹಿಂಡಿ ಹಾಕಿ, ಕಲಸುವ ಎಣ್ಣೆ ಅದರಲ್ಲೇ ಇರಲಿ. ಮೊಸರನ್ನು ಅಲ್ಲೇ ಕೊಂಡುಕೊಂಡರೂ ನಡೆಯುತ್ತದೆ. ಅಗಸಿ ಹಿಂಡಿ ಬೇಗ ಕಮಟುತ್ತದೆ, ಒಮ್ಮೆಗೆ ಹತ್ತು ದಿನಕ್ಕಾಗುವಷ್ಟೇ ಕುಟ್ಟಿ. ಬೇಜಾರಾದ ದಿನ ಹುರಿದ ಶೇಂಗಾ, ಪುಠಾಣಿ ಕಲಸಿದ ಒಗ್ಗರಣೆ ಚುರಮುರಿ ಎರಡು ಬಟ್ಟಲು. ಉಳ್ಳಾಗಡ್ಡಿ, ಟೊಮೆಟೊ ಬೇರೆ ಕಟ್ಟಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಬಿಸಿಲುಗಾಲದಲ್ಲಿ ಎರಡು ಲೀಟರ್ ನೀರು ಹೋಗಲಿ, ಮಜ್ಜಿಗೆ ಕಳಿಸಿದರೆ ಹನ್ನೊಂದರೊಳಗೆ ಕುಡಿಯಲು ಹೇಳಿ.